ತೊಳೆಯದ ತಾಮ್ರ

ಹ್ಯಾಕ್ಸಾ ಬ್ಲೇಡು ಮೂರನೆಯ ಸಲ ಜಾರಿತು.

"ಕೈ ಕುಯ್ಕೊಂಡೀರಾ ಮೇಡಂ. ಇತ್ಲಾಗೆ ಕೊಡಿ," ಎಂದರು ಕದಿರಯ್ಯ.

ಮಧುಗಿರಿಯ ನಮ್ಮ ಕಾಲೇಜಿಗೆ ದಸರಾ ರಜೆ. ಅಟೆಂಡರ್ ಕದಿರಯ್ಯ ನನಗಾಗಿ ಭೌತಶಾಸ್ತ್ರದ ಪ್ರಯೋಗಾಲಯದ ಬೀಗ ತೆಗೆದಿದ್ದರು. ಕಿಟಕಿಯಾಚೆ ಬೆಟ್ಟದ ಬಂಡೆ ಒಂಬತ್ತು ಗಂಟೆಗೇ ಕಾಯಲು ಶುರುವಾಗಿತ್ತು.

"ಬೇಡ. ಇದನ್ನು ನಾನೇ ಕುಯ್ಯಬೇಕು."

"ಯಜಮಾನ್ರು ಮಾಡಿದ್ದು ಅಂತೀರಾ. ಮತ್ತೆ ಕುಯ್ತಾನೂ ಇದ್ದೀರಾ."

ನಾನು ಬ್ಲೇಡನ್ನು ಮತ್ತೆ ಗೀರಿನ ಮೇಲೆ ಇಟ್ಟೆ.

ಗೇಣುದ್ದದ ತಾಮ್ರದ ಕೊಳವೆ. ಎರಡು ತುದಿಗೂ ಬೆಸುಗೆ ಹಾಕಿದ ಮುಚ್ಚಳ. ಇಂಥವು ಆರು. ನನ್ನ ಗಂಡ ಓಬಳಪ್ಪನವರ ಎಂಟು ವರ್ಷದ ಕೆಲಸ ಈ ಆರು ಫಿಲ್ಟರುಗಳ ಮೇಲೆ ನಿಂತಿತ್ತು. ಮಾರ್ಚ್‌ನಲ್ಲಿ ಶಿರಾ ಹೆದ್ದಾರಿಯಲ್ಲಿ ಲಾರಿ ತಾಗಿ ಅವರು ಹೋದರು. ಆಮೇಲೆ ಬೆಂಗಳೂರಿನ ಪ್ರಯೋಗಾಲಯದವರು ಇವನ್ನೇ ಹಾಕಿ ಮತ್ತೆ ಅಳೆದರು. ಓಬಳಪ್ಪ ಕಂಡದ್ದು ಯಾರಿಗೂ ಕಾಣಲಿಲ್ಲ. 'ಉಪಯೋಗಕ್ಕೆ ಬಾರದವು' ಎಂಬ ಚೀಟಿಯೊಂದಿಗೆ ಕೊಳವೆಗಳು ನನಗೆ ವಾಪಸು ಬಂದವು.

ಶನಿವಾರ ತನಿಖಾ ಸಮಿತಿ ಸಹಿ ಹಾಕುತ್ತದೆ. ಓಬಳಪ್ಪ ಇಲ್ಲದ ಅಂಕಿಗಳನ್ನು ಕಟ್ಟಿ ಬರೆದರು ಎಂದು. ಸುಳ್ಳು ಬಯಲಾದೀತೆಂದು ಹೆದರಿಯೇ ಲಾರಿಗೆ ಅಡ್ಡ ಹೋದರಂತೆ ಎಂದು ಜನ ಆಗಲೇ ಸೇರಿಸಿಕೊಂಡಿದ್ದರು.

ಇವತ್ತು ಬುಧವಾರ.

ಕೊಳವೆ ಎರಡಾಯಿತು. ನಾನು ಅದನ್ನು ಬೆಳಕಿಗೆ ಹಿಡಿದೆ.

ಒಳಗೆ ನೀಳವಾದ ತಂತಿಯ ಸುರುಳಿ. ಸುತ್ತ ಅಂಟಿನಲ್ಲಿ ಗಟ್ಟಿಯಾದ ತಾಮ್ರದ ಪುಡಿ. ಎಲ್ಲವೂ ಇರಬೇಕಾದಂತೆಯೇ ಇತ್ತು, ಒಂದನ್ನು ಬಿಟ್ಟು. ಪುಡಿ ಹೊಳೆಯುತ್ತಿತ್ತು.

"ಮದುವೆ ಮನೆ ಬಿಂದಿಗೆ ಇದ್ದಂಗೈತೆ," ಎಂದರು ಕದಿರಯ್ಯ.

ನಾನು ಚೀಲದಿಂದ ಮಾತ್ರೆಯ ಬಾಟಲಿಯೊಂದನ್ನು ತೆಗೆದೆ. ಅದರಲ್ಲಿ ನನ್ನ ಗಂಡ ಉಳಿಸಿದ್ದ ಒಂದು ಚಮಚ ಪುಡಿ ಇತ್ತು. ಮೇಜಿನ ಮೇಲೆ ಸುರಿದೆ. ರಾಗಿ ಹಿಟ್ಟಿನಂತೆ ಕಂದು.

ಮಲ್ಟಿಮೀಟರಿನ ಎರಡು ಮೊನೆಗಳನ್ನು ಕಂದು ಪುಡಿಗೆ ಒತ್ತಿದೆ. ಮುಳ್ಳು ಅಲುಗಲಿಲ್ಲ. ಕುಯ್ದ ಕೊಳವೆಯೊಳಗಿನ ಹೊಳೆಯುವ ಪುಡಿಗೆ ಒತ್ತಿದೆ. ಮುಳ್ಳು ಆ ಕಡೆಯ ಕೊನೆಗೆ ಹೋಗಿ ಬಡಿಯಿತು.

ತಾಮ್ರದ ಪ್ರತಿ ಕಣದ ಮೇಲೂ ಗಾಳಿಗೆ ಕಂದು ಪೊರೆ ಕೂರುತ್ತದೆ. ಆ ಪೊರೆ ಒಂದು ಕಣವನ್ನು ಇನ್ನೊಂದರಿಂದ ದೂರ ಇಡುತ್ತದೆ. ತಂತಿಯ ಮೇಲಿಂದ ಇಳಿದು ಬರುವ ಮೈಕ್ರೋವೇವ್ ಗದ್ದಲ ಆ ಕೋಟ್ಯಂತರ ಕಣಗಳ ಮೈ ಸವರಿ ಸವರಿ ಸವೆದುಹೋಗುತ್ತದೆ. ಪೊರೆ ಇಲ್ಲವಾದರೆ ಕಣಗಳೆಲ್ಲ ಕೂಡಿ ಒಂದು ಮುದ್ದೆ. ಗದ್ದಲ ಹೆಚ್ಚು ಸವೆಯದೆ ಕೆಳಗಿಳಿಯುತ್ತದೆ.

ಇದನ್ನು ಅವರು ತಮ್ಮ ತಾಯಿಗೆ ಹೇಳಿದ ರೀತಿ ಬೇರೆ. ನನ್ನತ್ತೆ ಈರಕ್ಕ ಕುರಿಯವರ ಮನೆಯವರು.

"ರೊಪ್ಪದಾಗೆ ಒಂದೇ ಕುರಿ ಅವ್ವಾ. ಬೇಲಿ ಎತ್ತರ ಐತೆ. ನಾಯಿ ಬೊಗಳುದ್ರೆ ಕುರಿ ಬೆದ್ರಿ ಬೇಲಿ ಆರ್ತೈತೆ. ಅದ್ರಾಗೇನೂ ಇಲ್ಲ. ಎಲ್ಲಾ ನಾಯಿ ಬಾಯಿ ಕಟ್ಟಿದ್ ಮೇಲೂ ಕುರಿ ಬೇಲಿ ಆರ್ದೆ ಆಚ್ಗೆ ಬಂದಿದ್ರೆ?"

"ಬೇಲೀಲಿ ತೂತೈತೆ ಕಣ್ಲಾ."

"ತೂತಿಲ್ಲ."

"ಅಂಗಾರೆ ಅದು ಕುರಿ ಅಲ್ಲ, ದೆವ್ವ."

"ಆ ದೆವ್ವಾನೇ ನಾನು ನೋಡಿದ್ದು. ನಾಯಿ ಬಾಯಿ ಕಟ್ಟೋಕೆ ಈ ಕೊಳ್ವೆ."

ಕುರಿ ಎಂದರೆ ಅತಿವಾಹಕದ ಒಂದು ಸಣ್ಣ ಸಂಧಿಯಲ್ಲಿ ಹರಿಯುವ ವಿದ್ಯುತ್ತು. ಬೇಲಿ ಎಂದರೆ ಅದು ದಾಟಲಾರದ ತಡೆ. ನಾಯಿ ಎಂದರೆ ಆ ಮೈಕ್ರೋವೇವ್ ಗದ್ದಲ. ಕಡುಶೀತದಲ್ಲಿ, ಗದ್ದಲವೇ ಇಲ್ಲದಾಗ, ಅದು ತಡೆಯನ್ನು ಹಾರದೆ ತೂರಿ ಬಂತು ಎಂದು ಅವರು ಬರೆದಿದ್ದರು. ನಾಯಿಯ ಬಾಯಿ ಬಿಚ್ಚಿಟ್ಟು ಅಳೆದವರು ಅದು ಸುಳ್ಳು ಎಂದರು.

ಈ ಕೊಳವೆ ಅವರದಲ್ಲ. ಯಾರೋ ಬದಲಿಸಿದ್ದರು.

"ಮೀಟರ್ ತಗೊಂಡೋಗ್ತೀನಿ ಕದಿರಯ್ಯ."

"ರಿಜಿಸ್ಟ್ರಿಗೆ ಸೈನ್ ಆಕಿ ಮೇಡಂ. ಆಮೇಲೆ ನನ್ ತಲೆಗೆ ಬತ್ತೈತೆ."

ಸಹಿ ಹಾಕಿದೆ.

*

ಡಾಕ್ಟರ್ ನಾಗಲಿಂಗಯ್ಯ ರಜೆಗೆ ಕೊರಟಗೆರೆಯ ತಮ್ಮ ತಂದೆಯ ಮನೆಗೆ ಬಂದಿದ್ದರು. ನನ್ನ ಗಂಡನ ಜೊತೆ ಎಂಟು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದವರು. ಮರು ಅಳತೆ ಮಾಡಿದವರೂ ಅವರೇ. ಬದಲಿಸಿದವರೂ ಅವರೇ ಎಂದು ನಾನು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

ಜಗಲಿಯ ಮೇಲೆ ಕೂತು ಹಸಿ ಕಡಲೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಸ್ಕೂಟರು.

"ಬನ್ನಿ ಗೌರಮ್ಮ. ಹೇಳಿ ಕಳಿಸಿದ್ರೆ ನಾನೇ ಮಧುಗಿರಿಗೆ ಬರ್ತಿದ್ದೆ."

ನಾನು ಕೊಳವೆಯ ಎರಡು ಹೋಳುಗಳನ್ನು ಅವರ ಮುಂದೆ ಇಟ್ಟೆ.

"ಇದು ಅವರು ಮಾಡಿದ್ದಲ್ಲ ಸಾರ್."

ಅವರು ಕೈ ಒರೆಸಿಕೊಂಡು ಹೋಳನ್ನು ಎತ್ತಿ ನೋಡಿದರು. ಒಳಗೆ ಹೋಗಿ ಒಂದು ಫೈಲು ತಂದರು.

"ಮೇ ತಿಂಗಳಲ್ಲಿ ಈ ಕೊಳವೆಗಳಿದ್ದ ಟ್ರಂಕು ತೆರೆದಾಗ ಮೂವರಿದ್ವಿ. ಬೀಗ ಸರಿಯಾಗಿತ್ತು. ಕೀಲಿ ನೀವೇ ಕಳಿಸಿದ್ರಿ. ಅಲ್ಲೇ ಫೋಟೋ ತೆಗೆಸಿ, ಆರಕ್ಕೂ ನಂಬರ್ ಕೊರೆಸಿದೆ. ಇದು ನಾಲ್ಕನೇದು. ನೋಡಿ."

ಹೋಳಿನ ತುದಿಯಲ್ಲಿ ನಾಲ್ಕು ಎಂದು ಕೊರೆದಿತ್ತು. ಫೋಟೋದಲ್ಲಿ ನಾಲ್ಕನೆಯ ಕೊಳವೆಯ ಮುಚ್ಚಳದ ಬಳಿ ಬೆಸುಗೆಯ ಒಂದು ದಪ್ಪ ಹನಿ. ಹೋಳಿನ ಮೇಲೂ ಅದೇ ಹನಿ.

ಅಂದರೆ ಟ್ರಂಕು ಬೆಂಗಳೂರು ತಲುಪುವ ಮೊದಲೇ ಕೊಳವೆಗಳು ಬದಲಾಗಿದ್ದವು.

ಆ ಟ್ರಂಕು ಮಾರ್ಚ್‌ನಿಂದ ಮೇವರೆಗೆ ಕೊಡಿಗೇನಹಳ್ಳಿ ಬಳಿಯ ನಮ್ಮತ್ತೆಯ ಮನೆಯಲ್ಲಿತ್ತು. ಬೆಸುಗೆ ಬಿಟ್ಟ ತಂತಿಗಳನ್ನು ಸರಿಪಡಿಸಲು ಓಬಳಪ್ಪನವರೇ ಊರಿಗೆ ತಂದಿಟ್ಟಿದ್ದರು. ಬೆಂಗಳೂರಿನಿಂದ ಪತ್ರ ಬಂದಾಗ ನಾನು ಅತ್ತೆಯಿಂದ ಕೀಲಿ ಇಸಿದುಕೊಂಡು ಬೀಗ ಸಹಿತ ಕಳಿಸಿಕೊಟ್ಟೆ. ಮುಚ್ಚಳ ತೆಗೆದು ನೋಡಲಿಲ್ಲ. ಆಗ ನನಗೆ ಯಾವುದನ್ನೂ ನೋಡಬೇಕೆನಿಸುತ್ತಿರಲಿಲ್ಲ.

"ಪುಡಿ ಹೊಳೆಯುತ್ತಿದೆ," ಎಂದೆ.

"ತಾಮ್ರ ಅಲ್ವಾ."

"ಅವರದು ಹೊಳೆಯುತ್ತಿರಲಿಲ್ಲ. ನಿಮಗೆ ಗೊತ್ತು."

ಅವರು ಒಂದು ಕಡಲೆಕಾಯಿ ಬಿಡಿಸಿದರು. ತಿನ್ನಲಿಲ್ಲ.

"ಗೌರಮ್ಮ, ಸಮಿತಿಯವರು ಪುಡಿಯ ಬಣ್ಣ ನೋಡಲ್ಲ. ಗ್ರಾಫಿನ ಗೆರೆ ನೋಡ್ತಾರೆ. ನಾನೊಂದು ಮಾತು ಹೇಳ್ತೀನಿ. 'ಅಳತೆಯಲ್ಲಿ ಕೈತಪ್ಪಾಗಿರಬಹುದು' ಅಂತ ಒಂದು ಸಾಲು ಬರೆದುಕೊಡಿ. ಮೋಸ ಅನ್ನೋ ಪದ ನಾನು ತೆಗೆಸ್ತೀನಿ. ಮುಂದಿನ ವರ್ಷ ಹೊಸ ಕೊಳವೆ ಹಾಕಿ ನಾನೇ ಮತ್ತೆ ಅಳೀತೀನಿ."

"ಸರಿಬಂದರೆ?"

"ಬಂದರೆ ಸಂತೋಷವೇ."

"ಯಾರ ಹೆಸರಲ್ಲಿ?"

ಅವರು ನಕ್ಕರು. "ಹಠ ನಿಮ್ಮಿಬ್ಬರಿಗೂ ಒಂದೇ."

"ನಾನು ಬರೆಯಲ್ಲ ಸಾರ್."

"ಯೋಚನೆ ಮಾಡಿ. ಶನಿವಾರದವರೆಗೆ ಸಮಯ ಇದೆ." ಆಮೇಲೆ, ಏನೋ ನೆನಪಾದವರಂತೆ: "ಈ ವಿಷಯ ನಿಮ್ಮತ್ತೆಯವರಿಗೆ ಹೇಳಿದ್ರಾ?"

"ಇಲ್ಲ."

"ಒಳ್ಳೇದು. ವಯಸ್ಸಾದವರು. ಹೇಳಬೇಡಿ."

ಹೊರಡುವಾಗ ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದರು.

ಅವರ ಮಾತಿನಲ್ಲಿ ಏನೋ ಒಂದು ಕಡಿಮೆ ಇತ್ತು. ಏನೆಂದು ಮಧುಗಿರಿ ತಲುಪಿದ ಮೇಲೂ ಹೊಳೆಯಲಿಲ್ಲ.

*

ಗುರುವಾರ ಬೆಳಿಗ್ಗೆ ಪಾವಗಡದ ಬಸ್ಸು ಹಿಡಿದೆ. ಕೊಳವೆ ಮಾಡುವ ವೀರಾಚಾರಿ ಅಲ್ಲಿದ್ದಾರೆ ಎಂದು ನನ್ನ ಗಂಡನ ನೋಟುಪುಸ್ತಕದಲ್ಲಿತ್ತು.

ವೀರಾಚಾರಿ ತಾಮ್ರದ ತಗಡು ತರಲು ಹೋಗಿದ್ದರು. ಅಂಗಡಿಯ ಹಿಂದಿನ ಅಂಗಳದಲ್ಲಿ ಅವರ ಹೆಂಡತಿ ರಾಮಾಂಜಿನಮ್ಮ ಒಂದು ದೊಡ್ಡ ಹಂಡೆಯೊಳಗೆ ಅರ್ಧ ಇಳಿದು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದಳು.

"ಏಮಮ್ಮಾ? ಬಿಂದಿಗೆಗಾ, ಹಂಡೆಗಾ?" ಎಂದಳು ತೆಲುಗು ಬೆರೆಸಿ.

"ಎರಡಕ್ಕೂ ಅಲ್ಲ." ನಾನು ನಾಲ್ಕನೆಯ ನಂಬರಿನ ಹೋಳನ್ನು ಕೊಟ್ಟೆ. "ಇದು ನಿಮ್ಮಲ್ಲಿ ಆದದ್ದಾ?"

ಅವಳು ಹಂಡೆಯಿಂದ ತಲೆ ಹೊರತೆಗೆದಳು. ಹೋಳನ್ನು ಸೆರಗಿನಿಂದ ಒರೆಸಿ ನೋಡಿದಳು.

"ಬೆಸುಗೆ ನಮ್ಮಾಯನದೇ, ನಮ್ಮ ಯಜಮಾನ್ರದು. ಇಂಥ ಚೆಂದದ್ದನ್ನ ಕುಯ್ದೋರ್ಯಾರು?"

"ನಾನು."

"ಕೈ ಹೆಂಗ್ ಬಂತಮ್ಮಾ ನಿಂಗೆ!"

"ಒಳಗಿನ ಪುಡಿ ತೊಳೆದದ್ದು ಯಾರು?"

"ಇನ್ಯಾರು ತೊಳೀತಾರೆ? ಹುಣಸೆಹಣ್ಣಾಕಿ, ಉಪ್ಪಾಕಿ, ಮೂರು ನೀರು. ಚೂಡು, ನೋಡಮ್ಮಾ, ಎಂಗೆ ಒಳೀತೈತೆ. ತಾಮ್ರ ಕರ್ರಗೆ ನಮ್ಮ ಹೊಸಿಲು ದಾಟಂಗಿಲ್ಲ. ನಮ್ಮತ್ತೆ ಕಾಲದಿಂದಾನೂ ಅಂಗೇ."

"ಮೊದಲು ಒಬ್ಬರು ಬಂದು ತೊಳೆಯಬೇಡಿ ಅಂದಿರಲಿಲ್ಲವಾ?"

ಅವಳು ಹುಣಸೆಹಣ್ಣಿನ ಉಂಡೆಯನ್ನು ಕೆಳಗಿಟ್ಟಳು.

"ಆ ಪಿಚ್ಚಿ, ಹುಚ್ಚು ಮೇಷ್ಟ್ರಾ? ಕೊಡಿಗೇನಹಳ್ಳಿ ಕಡೆಯೋರು? ಅಯ್ಯೋ, ಆಯಪ್ಪನ ಜತೆ ಜಗಳಾಡಿ ಸಾಕಾಗಿತ್ತು ನಂಗೆ. ಅರ ಹಾಕಿ ಪುಡಿ ಮಾಡ್ಸಿದ್ರು, ನಾನು ತೊಳ್ಯೋಕೆ ತಗೊಂಡ್ರೆ ಕೈ ಹಿಡ್ಕೊಂಡ್ಬುಟ್ರು. ಮೊರದಾಗೆ ಹರಡಿ ಒಂದು ತಿಂಗ್ಳು ಇಲ್ಲೇ ಬಿಸ್ಲಿಗಿಟ್ರು. ಕಪ್ಪಾಗ್ಲಿ ಅಂತ! ಅಂಗಡಿ ಹೆಸರು ಕೆಡುಸ್ತೀಯಾ ಅಂತ ಬೈದೆ. ಅಮ್ಮಾ, ಇದಕ್ಕೆ ಕೊಳೇನೇ ಬಟ್ಟೆ ಅಂದ್ರು. ಎಲ್ಲಿದ್ದಾರೆ ಈಗ?"

ಅವಳು ನನ್ನ ಹಣೆ ನೋಡಿದಳು. ಆಮೇಲೆ ಎದ್ದು ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟಳು.

"ತಾಗಮ್ಮಾ. ಕುಡಿ."

ಕುಡಿದೆ.

"ಈ ಎರಡನೇ ಸಲದ ಆರು ಕೊಳವೆ ಮಾಡಿಸಿದ್ದು ಯಾರು?"

"ಒಬ್ಬಾಕೆ ಮುದುಕಿ. ಬ್ಯಾಸಿಗೇಲಿ ಬಂದಿದ್ಲು, ಹಿಂದೂಪುರದ ಬಸ್ಸಿಳಿದು. ಅಂಥ ಬಿಸ್ಲಾಗೂ ಭುಜದ ಮೇಲೆ ಕರೀ ಕಂಬಳಿ. ಎಡಗೈ ಕಿರುಬೆರಳು ಸೊಟ್ಟ."

ಚೊಂಬು ನನ್ನ ಕೈಯಲ್ಲೇ ಇತ್ತು.

"ಒಂದು ಕೊಳ್ವೆ ಕೊಟ್ಟು, ಇಂಥವೇ ಆರು ಮಾಡಿಕೊಡು ಅಂದ್ಲು. ಒಳಗೆ ತುಂಬಿದ್ದು ನಾವಲ್ಲ, ಏನೈತೋ ಕಾಣದೆ ಹೆಂಗ್ ಮಾಡೋದು? ನಮ್ಮಾಯನ ಕುಯ್ದ್ರು. ಆಕೆ ಅತ್ತುಬಿಟ್ಲಮ್ಮಾ. ಬರೀ ತಾಮ್ರ ಕುಯ್ದಿದ್ದಕ್ಕೆ!"

"ಪುಡಿ ತೊಳೆಯಬೇಡ ಅನ್ನಲಿಲ್ಲವಾ ಆಕೆ?"

"ಯಾಕಂತಾಳೆ? ತೊಳ್ದಿದ್ದು ನೋಡಿ ಕೈ ಮುಗುದ್ಲು."

"ಕುಯ್ದ ಕೊಳವೆ ಏನಾಯಿತು?"

"ಒಂದು ಹೋಳು ಕರಗ್ಸಿದ್ವಿ. ಇನ್ನೊಂದು ಇರ್ಬೇಕು, ತಾಳು."

ಅವಳು ಒಳಗೆ ಹೋಗಿ ಮಂಚದ ಕಾಲಿಗೆ ಆನಿಸಿದ್ದ ಒಂದು ತುಂಡನ್ನು ಎಳೆದು ತಂದಳು. ಮಂಚ ಒಂದು ಕಡೆ ವಾಲಿತು.

ಕುಯ್ದ ಕಡೆ ಒಳಗಿನ ಪುಡಿ ಕಂದಾಗಿತ್ತು. ಮೀಟರಿನ ಮೊನೆಗಳನ್ನು ಒತ್ತಿದೆ. ಮುಳ್ಳು ಅಲುಗಲಿಲ್ಲ.

ಅವರ ಕೈಯ ಕೆಲಸ.

"ಇದನ್ನು ನಾನು ತಗೊಂಡೋಗ್ಲಾ?"

"ತಗೋ. ಮಂಚಕ್ಕೆ ಇಟ್ಟಿಗೆ ಇಡ್ತೀನಿ. ನಿನ್ನ ಹೆಸ್ರೇನಮ್ಮಾ?"

"ಗೌರಮ್ಮ. ಮಧುಗಿರಿ ಕಾಲೇಜಲ್ಲಿ ಪಾಠ ಹೇಳ್ತೀನಿ."

ಅತ್ತೆಯ ಊರಿಗೆಂದು ಹಿಂದೂಪುರದ ಬಸ್ಸಿನಲ್ಲಿ ಕೂತ ಮೇಲೆ, ನಾಗಲಿಂಗಯ್ಯನವರ ಮಾತಿನಲ್ಲಿ ಏನು ಕಡಿಮೆಯಿತ್ತೆಂದು ಹೊಳೆಯಿತು.

ಕೊಳವೆ ಬದಲಾಗಿದೆ ಎಂದು ನಾನು ಹೇಳಿದೆ. ಹಾಗಾದರೆ ಅಸಲಿ ಕೊಳವೆಗಳು ಎಲ್ಲಿ ಎಂದು ಅವರು ಕೇಳಲೇ ಇಲ್ಲ. ನಮ್ಮತ್ತೆಗೆ ಹೇಳಿದ್ದೀರಾ ಎಂದು ಕೇಳಿದರು.

*

ನಾನು ಹೋದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಅತ್ತೆ ಹೊಸಿಲ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು.

"ಬಾ ಗೌರೀ. ರಜಕ್ಕೆ ಬಂದ್ಯಾ? ಮುದ್ದೆ ಐತೆ, ಉಣ್ಣು."

"ಪಾವಗಡಕ್ಕೆ ಹೋಗಿದ್ದೆ ಅತ್ತೆ."

ಕದಿರು ನಿಂತಿತು.

ಅವರು ನನ್ನನ್ನು ನೋಡಲಿಲ್ಲ. ಸೊಟ್ಟ ಕಿರುಬೆರಳಿಗೆ ನೂಲು ಸುತ್ತಿಕೊಂಡು ಬಿಚ್ಚಿದರು.

"ಆ ಆಚಾರಿ ಎಂಡ್ತಿ ಯೋಳುದ್ಲಾ?"

"ಹೂಂ."

"ಬೈಯ್ ಬ್ಯಾಡ ಕಣವ್ವಾ."

"ಬೈಯಲ್ಲ. ಅವರು ಮಾಡಿದ್ದು ಎಲ್ಲಿವೆ?"

"ಅವನತ್ರಾನೇ ಅವೆ."

ಈ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುತ್ತಾರೆ. ಹನ್ನೊಂದನೆಯ ದಿನ ತಲೆಯ ಕಡೆ ಕಲ್ಲು ನಿಲ್ಲಿಸುತ್ತಾರೆ. ಸತ್ತವರು ಯಾವುದರಲ್ಲಿ ಕೆಲಸ ಮಾಡುತ್ತಿದ್ದರೋ ಅದನ್ನು ಕಲ್ಲಿನ ಬುಡಕ್ಕೆ ಹಾಕುತ್ತಾರೆ. ನನ್ನ ಮಾವನ ಕಲ್ಲಿನ ಕೆಳಗೆ ಉಣ್ಣೆ ಕತ್ತರಿ ಇದೆ. ಆ ದಿನ ಹೆಂಡತಿ ಹೊಲಕ್ಕೆ ಹೋಗುವಂತಿಲ್ಲ. ನಾನು ಒಳಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದೆ.

"ಅವನ್ಗೆ ಕತ್ರಿ ಇಡೋಕಾಯ್ತದಾ? ಪೆಟ್ಟಿಗೆ ತಗ್ದು ನೋಡ್ದೆ. ಈ ಕೊಳ್ವೆ ಇದ್ವು. ಐದು ಅವನ ತಲೆದೆಸೆಗಿಟ್ಟೆ. ಒಂದು ದ್ಯಾವರ ಗೂಡ್ನಾಗೆ ಇಟ್ಕಂಡೆ. ಎಲ್ಡು ತಿಂಗ್ಳಾದ್ ಮ್ಯಾಲೆ ಕಾಗ್ದ ಬಂತು, ಕಳ್ಸಿ ಅಂತ. ನಿನ್ ಮಖ ನೋಡುದ್ರೆ ಯೋಳೋಕೆ ಬಾಯಿ ಬರ್ಲಿಲ್ಲ. ಕಲ್ಲೆಬ್ಬುಸ್ಬಾರ್ದು. ಅದುಕ್ಕೇ ಇಂಥವೇ ಮಾಡ್ಸಿ ಪೆಟ್ಟಿಗೇಗಿಟ್ಟೆ. ತಾಮ್ರ ತಾಮ್ರಾನೇ ಅಲ್ವೇನವ್ವಾ?"

ಅವರು ಮೊದಲ ಸಲ ನನ್ನ ಕಡೆ ತಿರುಗಿದರು.

"ಅದುಕ್ಕೇನಾ ನನ್ ಮಗುನ್ನ ಸುಳ್ಳ ಅಂದಿದ್ದು?"

ಇಲ್ಲ ಎನ್ನಬಹುದಿತ್ತು.

"ಹೌದು ಅತ್ತೆ."

ಕದಿರು ಅವರ ಮಡಿಲಿನಿಂದ ಉರುಳಿ ಅಂಗಳಕ್ಕೆ ಬಿತ್ತು. ಅವರು ಎದ್ದು ಕಂಬಳಿ ಹೊದ್ದುಕೊಂಡರು.

"ನಡಿ. ಕಲ್ಲು ನಾನೇ ಎಬ್ಬುಸ್ತೀನಿ. ಪಾಪ ಬಂದ್ರೆ ನಂಗಿರ್ಲಿ."

*

ಕಲ್ಲಿನ ಬುಡದಲ್ಲಿ ಒಂದು ಹೊಂಗೆ ಸಸಿ ನೆಟ್ಟಿತ್ತು. ಪಾತಿಯ ಮಣ್ಣು ಇನ್ನೂ ಹಸಿಯಾಗಿತ್ತು. ಹೊಲದ ದಾರಿಯ ಧೂಳಿನಲ್ಲಿ ಸ್ಕೂಟರಿನ ಚಕ್ರದ ಗುರುತು ಬಂದು, ತಿರುಗಿ, ಹೋಗಿತ್ತು.

"ಯಾರು ನೆಟ್ಟದ್ದು?"

"ನಿಮ್ಮ ನಾಗಲಿಂಗಯ್ಯ ಮೇಷ್ಟ್ರು. ನೆನ್ನೆ ಸಂಜೆ ಬಂದಿದ್ರು. ಗೆಳೆಯನ್ಗೆ ನೆಳ್ಳಾಗ್ಲಿ ಅಂತ. ಗುದ್ದಲಿ ಕೇಳುದ್ರು. ನಾನೇ ಕೊಟ್ಟೆ."

ನಾನು ಸಸಿಯನ್ನು ಬುಡಸಮೇತ ಕಿತ್ತೆ.

"ಗೌರೀ!"

ಕೈಯಿಂದಲೇ ಮಣ್ಣು ತೋಡಿದೆ. ಮಣ್ಣು ಸಡಿಲವಾಗಿತ್ತು, ತೋಡುವುದು ಕಷ್ಟವಾಗಲಿಲ್ಲ. ಮೊಳಕೈ ಆಳದಲ್ಲಿ ಕಂಬಳಿಯ ಒಂದು ಚೂರು ಸಿಕ್ಕಿತು. ಬಿಚ್ಚಿ ಮಡಿಸಿಟ್ಟ ಚೂರು. ಅದರಲ್ಲಿ ಏನೂ ಇರಲಿಲ್ಲ.

ಅತ್ತೆ ನೆಲದ ಮೇಲೆ ಕೂತುಬಿಟ್ಟರು.

"ಇಲ್ಲಿ ಇಟ್ಟಿದ್ದೀರಿ ಅಂತ ಅವರಿಗೆ ಯಾರು ಹೇಳಿದರು ಅತ್ತೆ?"

"ಯೋಳೋದೇನು? ಅನ್ನೊಂದ್ನೇ ದಿನ ಬಂದಿದ್ರಲ್ಲ. ನಾನು ಅವ್ರ ಎದ್ರಿಗೇ ಕೊಳ್ವೆ ಗಂಟು ಇಟ್ಟೆ. ಕಲ್ಲಿನ ಆ ಕಡೆ ಇಡ್ಕಂಡು ನಿಲ್ಸಿದ್ದೇ ಅವ್ರು."

ಹಾಗಾದರೆ ಮೇ ತಿಂಗಳಲ್ಲಿ ಟ್ರಂಕು ತೆರೆದಾಗ ಅವರಿಗೆ ಗೊತ್ತಿತ್ತು. ಅಸಲಿ ಕೊಳವೆಗಳು ಈ ಮಣ್ಣಿನಲ್ಲಿವೆ ಎಂದು ತಿಳಿದೇ ನಕಲಿಗೆ ನಂಬರು ಕೊರೆಸಿದರು. ಫೋಟೋ ತೆಗೆಸಿದರು. ಅಳೆದರು. ಗೆಳೆಯನ ಅಂಕಿ ಸುಳ್ಳು ಎಂದು ಬರೆದರು. ಮುಂದಿನ ವರ್ಷ ಹೊಸ ಕೊಳವೆ ಹಾಕಿ ತಾವೇ ಅಳೆಯುತ್ತಾರಂತೆ.

ನಾನು ಕೈಯ ಮಣ್ಣು ಒರೆಸಿಕೊಂಡೆ. ಚೀಲ ಮುಟ್ಟಿ ನೋಡಿದೆ. ಕಂದು ಹೋಳು ಇತ್ತು.

"ಅಳಬೇಡಿ ಅತ್ತೆ. ಅವರು ಮಾಡಿದ ಒಂದು ಕೊಳವೆಯ ಅರ್ಧ ನನ್ನ ಹತ್ತಿರ ಇದೆ. ಹೊಳೆಯುವುದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಮೀಟರ್ ಹಿಡಿದರೆ ಸಮಿತಿಯವರು ನೋಡಲೇಬೇಕು. ನಾಳೆ ಬೆಳಿಗ್ಗೆ ಬೆಂಗಳೂರಿಗೆ ಹೋಗುತ್ತೇನೆ. ಇದು ಇದೆ ಎಂದು ನಾಗಲಿಂಗಯ್ಯನವರಿಗೆ ಗೊತ್ತಿಲ್ಲ."

ಅತ್ತೆ ತಲೆ ಎತ್ತಲಿಲ್ಲ.

"ಗೊತ್ತೈತೆ ಕಣವ್ವಾ."

"ಏನು?"

"ಗುದ್ದಲಿ ವಾಪಸ್ ಕೊಡೋವಾಗ ಕೇಳುದ್ರು. ಅಮ್ಮಾ, ಅವತ್ತು ಆರೂ ಇಟ್ಟಿದ್ರಾ ಅಂತ. ಬರೀ ಮಾತಿಗೆ ಕೇಳ್ತಾವ್ರೆ ಅನ್ಕಂಡೆ. ಐದೇ ಇಟ್ಟಿದ್ದು, ಇನ್ನೊಂದು ಪಾವಗಡದ ಆಚಾರಿತಾವ ಬುಟ್ಬಂದೆ ಅಂದೆ. ಇವತ್ತು ಮಧ್ಯಾಹ್ನ ಅತ್ಲಾಗೇ ಓಯ್ತೀನಿ ಅಂದ್ರು."

ನಾನು ರಾಮಾಂಜಿನಮ್ಮನ ಅಂಗಳದಿಂದ ಹೊರಟಾಗ ಹನ್ನೆರಡು ಗಂಟೆ. ಅವಳಿಗೆ ನನ್ನ ಹೆಸರು, ಊರು, ಕಾಲೇಜು ಎಲ್ಲ ನಾನೇ ಹೇಳಿ ಬಂದಿದ್ದೆ.

ಕಿತ್ತ ಸಸಿಯನ್ನು ಮತ್ತೆ ಗುಂಡಿಗೆ ನಿಲ್ಲಿಸಿ ಮಣ್ಣು ಮುಚ್ಚಿದೆ. ಸಸಿಯದೇನೂ ತಪ್ಪಿರಲಿಲ್ಲ. ಅತ್ತೆಯ ಕಂಬಳಿ ಕೇಳಿ ಇಸಿದುಕೊಂಡು ಹೋಳನ್ನು ಅದರಲ್ಲಿ ಸುತ್ತಿದೆ.

"ಮನೆಗೆ ಬರಲ್ಲ ಅತ್ತೆ. ಯಾರಾದರೂ ಬಂದು ಕೇಳಿದರೆ ನಾನು ಬಂದೇ ಇಲ್ಲ ಎನ್ನಿ."

ಅವರು ನನ್ನ ಹೆಗಲ ಮೇಲಿಂದ ಹೊಲದ ದಾರಿಯ ಆ ತುದಿಯನ್ನು ನೋಡುತ್ತಿದ್ದರು. ಅಲ್ಲಿ ಧೂಳು ಏಳುತ್ತಿತ್ತು.